ವಾ ಪೆಡಲ್ ರೆಕಾರ್ಡಿಂಗ್: ಮುಂದಕ್ಕೆ ಒತ್ತಿದರೆ ಕಿವಿ ಚುಚ್ಚುತ್ತೆ, ಫಝ್ ಹಾಕಿದರೆ ಸ್ವೀಪೇ ಇಲ್ಲ

ಆರನೇತಂತಿ:
ಚೈನ್ ಹೀಗಿದೆ: ಸಿಂಗಲ್ ಕಾಯಿಲ್ ಗಿಟಾರ್, ಇಂಡಕ್ಟರ್ (ತಂತಿ ಸುರುಳಿ) ಇರುವ ಹಳೇ ಶೈಲಿಯ ವಾ (ಕಾಲಲ್ಲಿ ಒತ್ತಿ ಸದ್ದಿನ ಬಣ್ಣ ಬದಲಿಸುವ ಪೆಡಲ್), ಎರಡು ಟ್ರಾನ್ಸಿಸ್ಟರ್‌ನ ಜರ್ಮೇನಿಯಂ ಫಝ್ (ಸದ್ದನ್ನು ಒಡೆದು ಒರಟು ಮಾಡುವ ಪೆಡಲ್), ಆಡಿಯೋ ಇಂಟರ್‌ಫೇಸ್‌ನ ಹೈ-ಝಡ್ (ಗಿಟಾರ್ ನೇರ ಸೇರಿಸುವ) ಇನ್‌ಪುಟ್, ಆಮೇಲೆ ಕಂಪ್ಯೂಟರ್‌ನಲ್ಲಿ ಆಂಪ್ ಸಿಮ್ಯುಲೇಟರ್ (ಗಿಟಾರ್ ಆಂಪ್ಲಿಫೈಯರ್ ಅನುಕರಿಸುವ ಸಾಫ್ಟ್‌ವೇರ್).

ಫಝ್ ಆಫ್ ಇದ್ದಾಗ ವಾ ಕೆಲಸ ಮಾಡುತ್ತೆ, ಆದರೆ ಪೂರ್ತಿ ಮುಂದಕ್ಕೆ ಒತ್ತಿದಾಗ ರೆಕಾರ್ಡಿಂಗ್‌ನಲ್ಲಿ ಸೂಜಿ ಚುಚ್ಚಿದ ಹಾಗಿರುತ್ತೆ. ಇಕ್ಯೂನಲ್ಲಿ (ಈಕ್ವಲೈಸರ್) 2 ಕಿಲೋಹರ್ಟ್ಜ್ ಇಳಿಸಿದರೆ ಉಳಿದ ಕಡೆಯೆಲ್ಲ ಸಪ್ಪೆ. ಫಝ್ ಆನ್ ಮಾಡಿದರೆ ಸ್ವೀಪ್ (ಪೆಡಲ್ ಒತ್ತಿದಂತೆ ಸದ್ದು ಜಾರುವ ವಾ-ವಾ ಪರಿಣಾಮ) ಹೆಚ್ಚುಕಡಿಮೆ ಮಾಯ, ಕೆಲವೊಮ್ಮೆ ಕೀರಲು ಸದ್ದು. ಜೊತೆಗೆ ಪೆಡಲ್ ಆಡಿಸುವಾಗ ಕರಕರ, ಹಿಂದೆ ಸಣ್ಣ ಹಮ್. ಎಲ್ಲಿಂದ ಶುರು ಮಾಡಲಿ?

ಬೆಸುಗೆಕಡ್ಡಿ:
ಫಝ್‌ನಿಂದ ಶುರು ಮಾಡಿ. ಅದು ಕೆಟ್ಟಿಲ್ಲ, ವಾ ಕೂಡ ಕೆಟ್ಟಿಲ್ಲ. ಇವೆರಡೂ ಒಂದಕ್ಕೊಂದು ಆಗಿಬರದ ಜೋಡಿ, ಅಷ್ಟೇ.

ಹಳೇ ಶೈಲಿಯ ವಾದಲ್ಲಿ ಔಟ್‌ಪುಟ್ ಹೊರಡುವುದು ಮೊದಲ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಕಡೆಯಿಂದ. ಕಾಲಿನಡಿಯ 100 ಕಿಲೋಓಮ್ ಪಾಟ್‌ಗೆ (ತಿರುಗಿಸಿ ಬದಲಿಸುವ ರೆಸಿಸ್ಟರ್) ಸಿಗ್ನಲ್ ಹೋಗುವುದೂ ಅಲ್ಲಿಂದಲೇ. ಪಾಟ್‌ನಿಂದ ಎರಡನೇ ಟ್ರಾನ್ಸಿಸ್ಟರ್ ಮೂಲಕ ವಾಪಸ್ ಬರುವ ಸಿಗ್ನಲ್ 10 ನ್ಯಾನೋಫ್ಯಾರಡ್ ಕೆಪಾಸಿಟರನ್ನು ದೊಡ್ಡದೆಂಬಂತೆ ತೋರಿಸುತ್ತೆ, ಅದರಿಂದಲೇ ಫ್ರೀಕ್ವೆನ್ಸಿ ಕೆಳಗಿಳಿಯುತ್ತೆ. ಈಗ ಆ ಔಟ್‌ಪುಟ್‌ಗೆ ಕೆಲವೇ ಕಿಲೋಓಮ್ ಇನ್‌ಪುಟ್ ಇರುವ ಫಝ್ ಕಟ್ಟಿದರೆ ಕಲೆಕ್ಟರ್ ಮೇಲೆ ಭಾರ ಬೀಳುತ್ತೆ. ಸದ್ದು ಇಳಿಯುವುದಷ್ಟೇ ಅಲ್ಲ, ವಾಪಸ್ ಹೋಗಬೇಕಾದ ಸಿಗ್ನಲ್ಲೂ ಇಳಿಯುತ್ತೆ. ಸ್ವೀಪ್ ಸಾಯುವುದು ಇದಕ್ಕೇ.

ಪರಿಹಾರ ಎರಡಿದೆ. ಫಝ್ ಮೊದಲು, ವಾ ಆಮೇಲೆ ಇಡಬಹುದು: ಸ್ವೀಪ್ ಪೂರ್ತಿ ಸಿಗುತ್ತೆ, ಆದರೆ ಫಿಲ್ಟರ್ ಹಾಕಿದ ಸಿಂಥ್‌ನಂತೆ ಕೇಳುತ್ತೆ. ವಾ ಮೊದಲೇ ಬೇಕು ಎಂದಾದರೆ ಎರಡರ ಮಧ್ಯೆ ಒಂದು ಬಫರ್ (ಹಿಂದಿನ ಪೆಡಲ್ ಮೇಲೆ ಭಾರ ಬೀಳದಂತೆ ತಡೆಯುವ ಸರ್ಕ್ಯೂಟ್) ಇಡಿ. ಟ್ರೂ ಬೈಪಾಸ್ (ಆಫ್ ಮಾಡಿದಾಗ ಸಿಗ್ನಲ್ ನೇರ ತಂತಿಯಲ್ಲಿ ಹಾದುಹೋಗುವುದು) ಅಲ್ಲದ, ಬಫರ್ಡ್ ಬೈಪಾಸ್ ಇರುವ ಯಾವುದೇ ಪೆಡಲ್ ಆಫ್ ಸ್ಥಿತಿಯಲ್ಲೂ ಆ ಕೆಲಸ ಮಾಡುತ್ತೆ. ಸೋಲ್ಡರ್ ಮಾಡುವ ಮುನ್ನ ಪರೀಕ್ಷೆಗೆ ಇದೇ ಸುಲಭ.

ಆರನೇತಂತಿ:
ಮಧ್ಯೆ ಬಫರ್ಡ್ ಡಿಲೇ ಒಂದನ್ನು ಆಫ್‌ನಲ್ಲಿಟ್ಟು ನೋಡಿದೆ. ಸ್ವೀಪ್ ಬಂತು. ಆದರೆ ಫಝ್ ಈಗ ಒರಟು, ಗಿಟಾರ್ ವಾಲ್ಯೂಮ್ ಇಳಿಸಿದರೂ ಮೊದಲಿನ ಹಾಗೆ ಕ್ಲೀನ್ ಆಗುತ್ತಿಲ್ಲ.

ಬೆಸುಗೆಕಡ್ಡಿ:
ಆಗಬೇಕಾದ್ದೇ. ಆ ಫಝ್ ಗಿಟಾರ್ ಪಿಕಪ್‌ನ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ನಂಬಿಕೊಂಡು ಬದುಕುವ ಸರ್ಕ್ಯೂಟ್, ಬಫರ್ ಅದನ್ನು ಕಿತ್ತುಕೊಂಡಿತು. ಬಫರ್ ಆದ ಮೇಲೆ, ಫಝ್ ಇನ್‌ಪುಟ್‌ಗೆ ಮುಂಚೆ, ಸೀರೀಸ್‌ನಲ್ಲಿ ಒಂದು 10 ಕಿಲೋಓಮ್ ರೆಸಿಸ್ಟರ್ ಹಾಕಿ. ಸಾಲದಿದ್ದರೆ 22 ಕಿಲೋಓಮ್. ಒರಟುತನ ಇಳಿಯುತ್ತೆ, ಜೊತೆಗೆ ಗೇನ್ ಸ್ವಲ್ಪ ಕಡಿಮೆಯಾಗುತ್ತೆ. ವಾಲ್ಯೂಮ್ ಇಳಿಸಿ ಕ್ಲೀನ್ ಮಾಡುವ ಗುಣ ಮಾತ್ರ ನೇರ ಗಿಟಾರ್‌ನಷ್ಟು ವಾಪಸ್ ಬರುವುದಿಲ್ಲ.

ಟೇಪ್‌ಹಿಸ್:
ಚುಚ್ಚುವ ವಿಷಯಕ್ಕೆ ಬರುತ್ತೇನೆ. ರೆಕಾರ್ಡ್ ಆದ ವಾ ಮೇಲೆ ಸ್ಥಿರ ಇಕ್ಯೂ ಹಾಕಿ ಗೆಲ್ಲಲು ಆಗದು. ವಾದ ಮೊನೆ (ಅದು ಎತ್ತಿ ತೋರಿಸುವ ಫ್ರೀಕ್ವೆನ್ಸಿ) ಒಂದೆಡೆ ನಿಲ್ಲುವುದಿಲ್ಲ, ಸುಮಾರು 450 ಹರ್ಟ್ಜ್‌ನಿಂದ 2 ಕಿಲೋಹರ್ಟ್ಜ್ ಆಚೆಗೂ ಓಡಾಡುತ್ತೆ. ನೀವು 2 ಕಿಲೋಹರ್ಟ್ಜ್ ಇಳಿಸಿದರೆ ಕಾಲು ಅಲ್ಲಿಲ್ಲದ ಹೊತ್ತಿನಲ್ಲೂ ಅದು ಇಳಿದೇ ಇರುತ್ತೆ. ಡೈನಾಮಿಕ್ ಇಕ್ಯೂ (ಸದ್ದು ಏರಿದಾಗ ಮಾತ್ರ ಇಳಿಸುವುದು) ತಕ್ಕಮಟ್ಟಿಗೆ ಸಹಾಯ ಮಾಡುತ್ತೆ, ಆದರೆ ತುದಿಯನ್ನು ಪೆಡಲ್‌ನಲ್ಲೇ ಕಟ್ಟಿಹಾಕುವುದು ಉತ್ತಮ.

ಮೇಲಿನ ತುದಿಯ ಲೆಕ್ಕ ಸುಲಭ. ಇಂಡಕ್ಟರ್ 500 ಮಿಲಿಹೆನ್ರಿ, ಕೆಪಾಸಿಟರ್ 10 ನ್ಯಾನೋಫ್ಯಾರಡ್ ಇದ್ದರೆ ಅನುರಣನ (ಮೊನೆ ನಿಲ್ಲುವ ಜಾಗ) ಸುಮಾರು 2250 ಹರ್ಟ್ಜ್. 15 ನ್ಯಾನೋಫ್ಯಾರಡ್ ಹಾಕಿದರೆ ಸುಮಾರು 1840, 22 ಹಾಕಿದರೆ ಸುಮಾರು 1520. ಕೆಳತುದಿಯೂ ಅದೇ ಅನುಪಾತದಲ್ಲಿ ಇಳಿಯುವುದರಿಂದ, 22 ಗಿಟಾರ್‌ಗಿಂತ ಬಾಸ್‌ಗೆ ಹತ್ತಿರ. ಗಿಟಾರ್‌ಗೆ 15 ಸಾಕು.

ಕೆಪಾಸಿಟರ್ ಮುಟ್ಟುವ ಮೊದಲು ಹಲ್ಲುಪಟ್ಟಿ (ಪೆಡಲ್ ಒತ್ತಿದಾಗ ಪಾಟ್ ತಿರುಗಿಸುವ ಪಟ್ಟಿ) ನೋಡಿ. ತಳ ಬಿಚ್ಚಿ, ಹಲ್ಲುಪಟ್ಟಿಯನ್ನು ಪಾಟ್‌ನ ಗೇರ್‌ಗೆ ಒತ್ತಿಹಿಡಿದಿರುವ ಕ್ಲಿಪ್ ಸಡಿಲಿಸಿ, ಪಟ್ಟಿಯನ್ನು ಎತ್ತಿ ಗೇರನ್ನು ಒಂದೇ ಒಂದು ಹಲ್ಲು ಹಿಮ್ಮಡಿ ಕಡೆಗೆ ತಿರುಗಿಸಿ ಮತ್ತೆ ಕೂರಿಸಿ. ದಿಕ್ಕು ಗೊಂದಲವಾದರೆ ಎರಡೂ ಕೇಬಲ್ ಕಿತ್ತು, ಪವರ್ ತೆಗೆದು, ಪಾಟ್‌ನ ಮಧ್ಯದ ಕಾಲಿನಿಂದ ಗ್ರೌಂಡ್‌ಗೆ ಓಮ್ ಅಳೆಯಿರಿ: ಪೆಡಲ್ ಪೂರ್ತಿ ಮುಂದಕ್ಕೆ ಒತ್ತಿದಾಗ ಸೊನ್ನೆಯ ಹತ್ತಿರ ಇದ್ದದ್ದು ಈಗ ಸ್ವಲ್ಪ ಮೇಲಿರಬೇಕು. ಆ ತುದಿಯಲ್ಲಿ ಸಣ್ಣ ಬದಲಾವಣೆಗೂ ಫ್ರೀಕ್ವೆನ್ಸಿ ಜೋರಾಗಿ ಬೀಳುತ್ತೆ, ಅದಕ್ಕೇ ಒಂದು ಹಲ್ಲು ಅಂದದ್ದು. ಮುಚ್ಚುವ ಮೊದಲು ಮುಂಗಾಲಿನ ಸ್ವಿಚ್ ಇನ್ನೂ ಕ್ಲಿಕ್ ಆಗುತ್ತದೆಯೇ ನೋಡಿಕೊಳ್ಳಿ.

ಇಷ್ಟಾದರೂ ಮೊನೆ ಹರಿತ ಅನಿಸಿದರೆ ಇಂಡಕ್ಟರ್‌ಗೆ ಪ್ಯಾರಲಲ್ ಇರುವ 33 ಕಿಲೋಓಮ್ ರೆಸಿಸ್ಟರನ್ನು 22 ಕಿಲೋಓಮ್‌ಗೆ ಇಳಿಸಿ. ಮೊನೆ ಅಗಲವಾಗಿ ಮೆತ್ತಗಾಗುತ್ತೆ. 47 ಹಾಕಿದರೆ ಉಲ್ಟಾ.

ಬೆಸುಗೆಕಡ್ಡಿ:
ಇನ್ನೊಂದು. ಸಿಮ್ಯುಲೇಟರ್‌ನಲ್ಲಿ ಕ್ಯಾಬಿನೆಟ್ ಬ್ಲಾಕ್ (ಸ್ಪೀಕರ್ ಅನುಕರಿಸುವ ಭಾಗ) ಆಫ್ ಆಗಿದ್ದರೆ ಯಾವ ವಾ ಆದರೂ ಚುಚ್ಚುತ್ತೆ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಜ್ ಮೇಲೆ ಕುಸಿಯುತ್ತೆ, ನೇರ ರೆಕಾರ್ಡಿಂಗ್‌ನಲ್ಲಿ ಆ ಕುಸಿತ ಇರುವುದಿಲ್ಲ. ಅದನ್ನು ಮೊದಲು ನೋಡಿ, ಆಮೇಲೆ ಸ್ಕ್ರೂ ಬಿಚ್ಚಿ.

ಟೇಪ್‌ಹಿಸ್:
ಹೌದು, ಅದು ಮೊದಲು.

ರೆಕಾರ್ಡ್ ಮಾಡುವಾಗ ಲೆವೆಲ್ ಹೊಂದಿಸುವುದು ವಾ ಆಫ್ ಇಟ್ಟಲ್ಲ. ಆನ್ ಇಟ್ಟು, ಗಟ್ಟಿಯಾಗಿ ಬಾರಿಸುತ್ತ, ಪೆಡಲ್ ನಿಧಾನವಾಗಿ ಕೊನೆತನಕ ಒತ್ತಿ. ಅನುರಣನದ ಮೇಲೆ ಸ್ವರ ಕೂತಾಗ ಸಿಗ್ನಲ್ ಎಗರುತ್ತೆ. ಅಂಥ ಪೀಕ್ ಮೈನಸ್ 8 ಡೆಸಿಬಲ್ ಆಸುಪಾಸಿನಲ್ಲಿ ನಿಂತರೆ ನೆಮ್ಮದಿ. ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವ ಸಾಧನ) ಬೇಕಿದ್ದರೆ ವಾಗೆ ಮುಂಚೆ. ವಾ ಆದ ಮೇಲೆ ಹಾಕಿದರೆ ನೀವು ಕಾಲಲ್ಲಿ ಎತ್ತಿದ ಪ್ರತಿ ಮೊನೆಯನ್ನೂ ಅದು ಒತ್ತಿ ಸಮತಟ್ಟು ಮಾಡುತ್ತೆ.

ಡಬಲ್ ಟ್ರ್ಯಾಕ್ (ಅದೇ ಭಾಗ ಎರಡು ಸಲ ಬಾರಿಸಿ ಸೇರಿಸುವುದು) ಮಾಡುವುದಿದ್ದರೆ ಒಂದರಲ್ಲಿ ಮಾತ್ರ ವಾ ಇಡಿ. ಎರಡು ಸ್ವೀಪ್‌ಗಳು ಕೂದಲೆಳೆ ಹೊಂದದಿದ್ದರೂ ಕಲಸುಮೇಲೋಗರ ಆಗುತ್ತೆ. ಗಿಟಾರ್ ವಾದಕ ಮೈಕೆಲ್ ಶೆಂಕರ್ ಥರ ಪೆಡಲನ್ನು ಅರ್ಧದಲ್ಲೇ ನಿಲ್ಲಿಸಿ ಬಾರಿಸುವುದಾದರೆ, ಪೆಡಲ್ ಕೆಳಗೆ ರಬ್ಬರ್ ಬೆಣೆ ತುರುಕಿ. ಪಂಚ್-ಇನ್ (ಮಧ್ಯದ ತುಣುಕು ಮಾತ್ರ ಮತ್ತೆ ರೆಕಾರ್ಡ್) ಮಾಡುವಾಗ ಸ್ಥಾನ ಸರಿದರೆ ಜೋಡಣೆ ಕೇಳುಗರಿಗೆ ತಕ್ಷಣ ಗೊತ್ತಾಗುತ್ತೆ.

ಒಣ (ಯಾವ ಪೆಡಲ್ ಪರಿಣಾಮವೂ ಇಲ್ಲದ) ಗಿಟಾರ್ ರೆಕಾರ್ಡ್ ಮಾಡಿಟ್ಟು ಆಮೇಲೆ ವಾ ಮೂಲಕ ಓಡಿಸುವ ಯೋಚನೆ ಇದ್ದರೆ ಮಧ್ಯೆ ರೀಆಂಪ್ ಬಾಕ್ಸ್ (ಸಿಗ್ನಲನ್ನು ಗಿಟಾರ್ ಮಟ್ಟಕ್ಕೆ ಇಳಿಸುವ ಪೆಟ್ಟಿಗೆ) ಬೇಕು. ಇಂಟರ್‌ಫೇಸ್‌ನ ಲೈನ್ ಔಟ್ ನೇರ ಕೊಟ್ಟರೆ ವಾದಲ್ಲಿ ಸಿಗ್ನಲ್ ಕ್ಲಿಪ್ ಆಗಿ ಒಡೆಯುತ್ತೆ.

ಆರನೇತಂತಿ:
ಕ್ಯಾಬಿನೆಟ್ ಆನ್ ಇತ್ತು. ಒಂದು ಹಲ್ಲು ಸರಿಸಿದೆ, ಚುಚ್ಚು ಹೋಯಿತು. 10 ಕಿಲೋಓಮ್ ಕೂಡ ಸರಿಹೋಯಿತು. ಕರಕರ, ಹಮ್ ಉಳಿದಿವೆ.

ಬೆಸುಗೆಕಡ್ಡಿ:
ಕರಕರಕ್ಕೆ ಪಾಟ್ ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಬಿಟ್ಟು ಕೊನೆಯಿಂದ ಕೊನೆಗೆ 20–30 ಸಲ ಆಡಿಸಿ. ಹೋಗದಿದ್ದರೆ ಪವರ್ ಕೊಟ್ಟು ಮಧ್ಯದ ಕಾಲಿನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. ಸೊನ್ನೆಯ ಬದಲು ಹತ್ತಾರು ಮಿಲಿವೋಲ್ಟ್ ಕಂಡರೆ ಪಾಟ್‌ಗೆ ಕಟ್ಟಿದ 0.22 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೋರುತ್ತಿದೆ. ಅದನ್ನು ಬದಲಿಸದೆ ಹೊಸ ಪಾಟ್ ಹಾಕಿದರೆ ಅದೂ ಕರಕರ ಅನ್ನುತ್ತೆ.

ಹಮ್‌ಗೆ ಪೆಡಲನ್ನು ನೆಲದ ಮೇಲೆ ನಿಧಾನವಾಗಿ ಗಿರಕಿ ತಿರುಗಿಸಿ, ಗಿಟಾರ್ ವಾಲ್ಯೂಮ್ ಸೊನ್ನೆಯಲ್ಲಿಟ್ಟು. ದಿಕ್ಕಿಗೆ ತಕ್ಕಂತೆ ಹಮ್ ಏರಿಳಿದರೆ ಇಂಡಕ್ಟರ್ ಹತ್ತಿರದ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ಹಿಡಿಯುತ್ತಿದೆ ಎಂದರ್ಥ. ಪವರ್ ಅಡಾಪ್ಟರನ್ನು ಅರ್ಧ ಮೀಟರ್ ದೂರ ಇಡಿ. ಏರಿಳಿಯದಿದ್ದರೆ 9 ವೋಲ್ಟ್ ಬ್ಯಾಟರಿ ಹಾಕಿ ನೋಡಿ. ಹಮ್ ನಿಂತರೆ ಅಡಾಪ್ಟರ್ ಬದಲಿಸಿ, ನಿಲ್ಲದಿದ್ದರೆ ಔಟ್‌ಪುಟ್ ಜ್ಯಾಕ್‌ನ ಗ್ರೌಂಡ್ ವೈರ್ ಮೆಲ್ಲಗೆ ಎಳೆದು ಸಡಿಲವಿದೆಯೇ ನೋಡಿ.