ಲಿಂಕ್ ಸತ್ತದ್ದು ಮೂರು ನಿಮಿಷ ತಿಳಿಯೋದಿಲ್ಲ: ಬಿಎಫ್‌ಡಿ ಸೇರಿಸಿದವರು ಇದ್ದೀರೇನ್ರಿ?

ಪ್ರಶ್ನೆ, ಪುಣೆಯಿಂದ:
ಚಿಂಚವಡದಿಂದ ಹಿಂಜವಡಿಗೆ ಎರಡು ಲಿಂಕ್ ಅದಾವ. ನಡುವ ಬ್ಯಾರೆಯವರ ಸ್ವಿಚ್ ಕೂತದ. ಅತ್ತಕಡೆ ಫೈಬರ್ ಹರದ್ರೂ ನಮ್ಮ ಪೋರ್ಟಿನ ಹಸಿರು ದೀಪ ಉರೀತನs ಇರ್ತದ. ರೂಟರ್‌ಗಳು ಒಂದಕ್ಕೊಂದು ದಾರಿ ತಿಳಿಸೋ ಪ್ರೋಟೋಕಾಲ್ ಬಿಜಿಪಿ; ಎದುರಿನ ರೂಟರ್ ಸುಮ್ಮನಾದ್ರ ಸತ್ತದಂತ ತಿಳಿಯೂತನಕ ಅದು ಕಾಯೋ ಹೋಲ್ಡ್ ಟೈಮ್ 180 ಸೆಕೆಂಡ್. ಮೊನ್ನೆ ಜೆಸಿಬಿ ಕೇಬಲ್ ಕಿತ್ತಾಗ ಮೂರು ನಿಮಿಷ ಟ್ರಾಫಿಕ್ ಎಲ್ಲಾ ನೀರಾಗ ಹೋಮ ಆತು. ರೂಟಿಂಗ್ ಸಾಫ್ಟ್‌ವೇರ್ ನಾವೇ ಬರದದ್ದು. ಅದಕ್ಕ ಬಿಎಫ್‌ಡಿ (ಎರಡೂ ಕಡೆಯಿಂದ ಸಣ್ಣ ಪ್ಯಾಕೆಟ್ ಬಿಡದs ಕಳಿಸಿ, ಬರೋದು ನಿಂತ್ರ ಲಿಂಕ್ ಸತ್ತದಂತ ಲಗೂನ ಹೇಳೋ ಪ್ರೋಟೋಕಾಲ್) ಸೇರಿಸಬೇಕಂತೀವಿ, ಪ್ಯಾಕೆಟ್ ನಡುವಿನ ಅಂತರ 50 ಮಿಲಿಸೆಕೆಂಡ್ ಇಡ್ರಿ ಅಂತಾರ ಮ್ಯಾನೇಜರ್. ಮಾಡಿದವರು ಎಲ್ಲೆಲ್ಲಿ ಎಡವಿದ್ರಿ, ಹೇಳ್ರಿ.

ಅಂಧೇರಿಯಿಂದ:
ಹೋಲ್ಡ್ ಟೈಮ್ ಇಳಿಸಿ ಸುಧಾರಿಸಲು ನೋಡಬೇಡಿ ಮಾರಾಯ್ರೆ, 3 ಸೆಕೆಂಡಿಗಿಂತ ಕೆಳಗೆ ಬಿಜಿಪಿ ಒಪ್ಪುವುದೇ ಇಲ್ಲ. ಬಿಎಫ್‌ಡಿಯೇ ಸರಿ. ಆದರೆ ನಾವು ಅದರ ಕೋಡನ್ನು ಬಿಜಿಪಿ ಓಡುವ ಲೂಪಿನೊಳಗೇ ತುರುಕಿದೆವು. ಲ್ಯಾಬಿನಲ್ಲಿ ಚಂದ ಓಡಿತು. ಲೈವಿಗೆ ಬಿಟ್ಟ ಮೇಲೆ ಒಂದು ರಾತ್ರಿ ನಮಗೆ ಇಂಟರ್ನೆಟ್ ಕೊಡುವ ಒಂದು ಅಪ್‌ಸ್ಟ್ರೀಮ್ ಲಿಂಕ್ ಬಿತ್ತು. ಲಕ್ಷಗಟ್ಟಲೆ ರೂಟುಗಳನ್ನು ಮತ್ತೆ ಆರಿಸುವುದರಲ್ಲಿ ಪ್ರೋಸೆಸ್ ಎರಡು ಸೆಕೆಂಡ್ ಮುಳುಗಿತು, ಬಿಎಫ್‌ಡಿ ಪ್ಯಾಕೆಟ್ ಹೊರಗೆ ಹೋಗಲಿಲ್ಲ. ಪಕ್ಕದ ರೂಟರ್ ನಾವು ಸತ್ತೆವೆಂದು ಸೆಷನ್ ಕಡಿಯಿತು. ಅದು ಕಡಿದದ್ದಕ್ಕೆ ಮತ್ತೆ ಲೆಕ್ಕ, ಆ ಲೆಕ್ಕದ ನಡುವೆ ಇನ್ನೊಂದು ನೆರೆಯ ರೂಟರಿನ ಸೆಷನ್ ಹೋಯಿತು. ಸತ್ತದ್ದು ಒಂದು ಲಿಂಕ್, ನಾವು ಕೊಂದದ್ದು ಮೂರು! ಎಫ್‌ಆರ್‌ಆರ್, ಬರ್ಡ್ ಎಂಬ ಮುಕ್ತ ರೂಟಿಂಗ್ ಸಾಫ್ಟ್‌ವೇರ್‌ಗಳಿವೆಯಲ್ಲ, ಎಫ್‌ಆರ್‌ಆರ್‌ನಲ್ಲಿ ಬಿಎಫ್‌ಡಿಗೆ ಬೇರೆಯೇ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಸೆಸ್) ಇದೆ, ಬರ್ಡ್‌ನಲ್ಲಿ ಬೇರೆ ಥ್ರೆಡ್. ಯಾಕೆಂದು ಆವತ್ತು ಅರ್ಥವಾಯಿತು. ಈಗ ನಮ್ಮದೂ ಪ್ರತ್ಯೇಕ ಪ್ರೋಸೆಸ್. ಲಿಂಕ್ ಬಿದ್ದರೆ ಬಿಜಿಪಿಗೆ ಒಂದು ಸಂದೇಶ ಕಳಿಸುತ್ತದೆ, ಅಷ್ಟೇ ಅದರ ಕೆಲಸ.

ಫೋಂಡಾದಿಂದ, ಗೋವಾ:
50 ಬೇಡ ಸರ್. ನಮ್ಮದು ಗುಡ್ಡದಿಂದ ಗುಡ್ಡಕ್ಕೆ ರೇಡಿಯೋ ಲಿಂಕ್. 50ರ ಮೂರು ಪಟ್ಟು (ಅಷ್ಟು ಹೊತ್ತು ಪ್ಯಾಕೆಟ್ ಬಾರದಿದ್ದರೆ ಲಿಂಕ್ ಸತ್ತಂತೆ), ಅಂದರೆ 150 ಮಿಲಿಸೆಕೆಂಡಿಗೆ ಇಟ್ಟಿದ್ದೆವು. ಮೇ ತಿಂಗಳಿಡೀ ತೊಂದರೆಯಿಲ್ಲ. ಜೂನ್ ಮಳೆ ಹಿಡಿದದ್ದೇ ರೇಡಿಯೋ ತನ್ನ ವೇಗ ಇಳಿಸಿಕೊಂಡಿತು, ಕ್ಯೂ ಉಬ್ಬಿತು, ಜನರ ವಿಡಿಯೋ ಹಿಂದೆ ಬಿಎಫ್‌ಡಿ ಪ್ಯಾಕೆಟ್ ಸಾಲಿನಲ್ಲಿ ನಿಂತಿತು. ಲಿಂಕ್ ಜೀವಂತ, ಸೆಷನ್ ಮಾತ್ರ ಬೀಳುತ್ತ ಏಳುತ್ತ. ಎಫ್‌ಆರ್‌ಆರ್‌ನ ಡೀಫಾಲ್ಟ್ 300, ಮೂರು ಪಟ್ಟಿಗೆ 900. ಅಲ್ಲಿಗೇ ಹೋದೆವು, ಜೊತೆಗೆ ಆ ಪ್ಯಾಕೆಟ್‌ಗೆ ಸಿಎಸ್6 ಎಂಬ ಆದ್ಯತೆಯ ಗುರುತು ಹಾಕಿ ಕ್ಯೂನಲ್ಲಿ ಮುಂದೆ ಬಿಟ್ಟೆವು. 180 ಸೆಕೆಂಡಿನಿಂದ ಒಂದು ಸೆಕೆಂಡಿನೊಳಗೆ ಬಂದಿರಲ್ಲ, ಇನ್ನೇನು ಬೇಕು?

ಡೊಂಬಿವಲಿಯಿಂದ:
ಎಲ್ಲರೂ ಟೈಮರ್ ಬಗ್ಗೆಯೇ ಹೇಳಿದರು, ನನ್ನದು ಕೋಡಿನ ತಪ್ಪು. ಎಷ್ಟು ಹೊತ್ತು ಕಾಯಬೇಕೆಂಬ ಲೆಕ್ಕದಲ್ಲಿ ಗುಣಿಸಬೇಕಾದ್ದು ಎದುರಿನವರು ಕಳಿಸಿದ ಮಲ್ಟಿಪ್ಲೈಯರ್‌ನಿಂದ (ಎಷ್ಟು ಪಟ್ಟು ಎಂಬ ಸಂಖ್ಯೆ). ನಾನು ನಮ್ಮದರಿಂದ ಗುಣಿಸಿದ್ದೆ. ಎರಡೂ ಕಡೆ 3 ಇದ್ದಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲ. ಒಬ್ಬ ಗ್ರಾಹಕರು 5 ಇಟ್ಟ ದಿನ ಬಯಲಾಯಿತು. ಬಿಎಫ್‌ಡಿಯ ಮಾನದಂಡ ಆರ್‌ಎಫ್‌ಸಿ 5880ರಲ್ಲಿ ಸ್ಪಷ್ಟವಾಗಿಯೇ ಇದೆ, 2010ರದು, ನಾನು ಆ ಪ್ಯಾರಾ ಹಾರಿಸಿದ್ದೆ. ಇನ್ನೊಂದು: ಎದುರಿನವರು ಬೇಕೆಂದೇ ಬಿಎಫ್‌ಡಿ ನಿಲ್ಲಿಸಿದರೆ ಅಡ್ಮಿನ್‌ಡೌನ್ ಎಂಬ ಸ್ಥಿತಿ ಬರುತ್ತದೆ. ಅದನ್ನು ಲಿಂಕ್ ಸಾವು ಎಂದು ತಿಳಿದು ಬಿಜಿಪಿ ಬೀಳಿಸಬೇಡಿ. ಫೈರ್‌ವಾಲ್‌ನಲ್ಲಿ ಬಿಎಫ್‌ಡಿ ಬರುವ ಯುಡಿಪಿ ಪೋರ್ಟ್ 3784 ತೆರೆಯಿರಿ. ಬಂದ ಪ್ಯಾಕೆಟ್‌ನ ಟಿಟಿಎಲ್ (ಒಂದೊಂದು ರೂಟರ್ ದಾಟಿದಾಗಲೂ ಒಂದು ಇಳಿಯುವ ಎಣಿಕೆ) 255 ಇಲ್ಲದಿದ್ದರೆ ಎಸೆಯಿರಿ, ನಡುವೆ ರೂಟರ್ ಇಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ.

ಪುಣೆಯಿಂದ ಮತ್ತೆ:
ಈಗs ಕೋಡ್ ತಗದು ನೋಡಿದೆ. ಗುಣಿಸಿದ್ದು ನಮ್ಮ ಮಲ್ಟಿಪ್ಲೈಯರ್‌ಲೇನ! ಅದೂ ಬಿಜಿಪಿ ಲೂಪಿನೊಳಗs. ನಾಳೆಯಿಂದ ಬ್ಯಾರೆ ಪ್ರೋಸೆಸ್, 300ಕ್ಕ ಮೂರು ಪಟ್ಟು. ಮ್ಯಾನೇಜರಿಗೆ ಫೋಂಡಾದ ಮಳಿ ಕತಿ ಹೇಳ್ತೀನಿ.