ಹಳೆಯ 26 ಇಂಚಿನ ಎಂಟಿಬಿ ದಿನಬಳಕೆಗೆ: ಟೈರು ಕೂರುತ್ತಿಲ್ಲ, ಚೈನು ಜಿಗಿಯುತ್ತಿದೆ

ಪ್ರಶ್ನೆ: ನನ್ನದು ಹಳೆಯ ಎಂಟಿಬಿ (ಮೌಂಟನ್ ಬೈಕ್): ಸ್ಟೀಲ್ ಫ್ರೇಮು, 21 ಗೇರು, ವಿ-ಬ್ರೇಕು (ರಿಮ್ಮನ್ನು ಎರಡೂ ಬದಿಯಿಂದ ಒತ್ತುವುದು), ಮುಂದೆ ಸ್ಪ್ರಿಂಗ್ ಫೋರ್ಕು. ಆಫೀಸಿಗೂ ಸಂತೆಗೂ ಒಂದೇ ಸೈಕಲ್ ಆಗಬೇಕು. ಮುಳ್ಳುಮುಳ್ಳಾದ ದಪ್ಪ ಟೈರು ತೆಗೆದು 26×1 3/8 ನುಣುಪು ಟೈರು ಹಾಕಿದರೆ ರಿಮ್ಮಿನ ಮೇಲೆ ಸಡಿಲ, ಗಾಳಿ ತುಂಬಿದಂತೆ ಒಂದು ಕಡೆ ಎದ್ದು ಬರುತ್ತದೆ. ಚೈನು ಹೊಸದು, ಆದರೂ ಏರಿನಲ್ಲಿ ಒತ್ತಿ ತುಳಿದರೆ ಜಿಗಿಯುತ್ತದೆ. ಕ್ಯಾರಿಯರ್ ಕೂರಿಸಲು ಸೀಟಿನ ಕೆಳಗೆ ತೂತುಗಳಿಲ್ಲ.

ಉತ್ತರ 1: ಆ ಟೈರಿಗೆ ಮತ್ತೆ ಗಾಳಿ ತುಂಬಬೇಡಿ, ಟ್ಯೂಬು ಹೊರಬಂದು ಸಿಡಿಯುತ್ತದೆ. ಎರಡೂ "26" ಅಂದರೂ ಅಳತೆ ಬೇರೆ. 26×1 3/8 ಕೂರುವುದು 590 ಮಿ.ಮೀ. ರಿಮ್ಮಿಗೆ, ಎಂಟಿಬಿ ರಿಮ್ಮು 559. ಇಂಚು ನೋಡಿ ಕೊಳ್ಳಲೇಬೇಡಿ. ಟೈರಿನ ಪಕ್ಕದಲ್ಲಿ ಅಚ್ಚಾದ 40-559 ಅಥವಾ 47-559 ಹುಡುಕಿ; ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ಅಳತೆ, ಎರಡೂ ಮಿ.ಮೀ. ಗುಂಡಿ, ಹಂಪು, ಸಾಮಾನು ಎಲ್ಲಕ್ಕೂ ನನ್ನ ಆಯ್ಕೆ 47, ಅಂದರೆ 26×1.75. ಸುಮಾರು 70 ಕೆ.ಜಿ. ಸವಾರರಿಗೆ ಹಿಂದೆ 50, ಮುಂದೆ 40 ಪಿಎಸ್‌ಐ ಸಾಕು. ಟೈರಿನ ಮೇಲೆ ಬರೆದ ಗರಿಷ್ಠ ಮಿತಿ ಮೀರಬೇಡಿ. ಮಡ್‌ಗಾರ್ಡ್ 60 ಮಿ.ಮೀ. ಅಗಲದ್ದು ತೆಗೆದುಕೊಳ್ಳಿ, ಇಕ್ಕಟ್ಟಾದರೆ ಮಳೆಗಾಲದ ಕೆಸರು ಒಳಗೇ ಗಟ್ಟಿಯಾಗುತ್ತದೆ.

ಉತ್ತರ 2: ಚೈನು ಜಿಗಿಯುವುದಕ್ಕೆ ಕಾರಣ ಹೆಚ್ಚಾಗಿ ಹಳೆಯ ಫ್ರೀವೀಲು, ಅಂದರೆ ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು. ಹಿಂದಿನ ಚೈನು ಹಿಗ್ಗಿದಂತೆ ಹಲ್ಲುಗಳೂ ಅದರ ಅಳತೆಗೆ ಸವೆದಿರುತ್ತವೆ. ಹೊಸ ಚೈನು ಅಲ್ಲಿ ಹಿಡಿತ ಸಿಗದೆ ಹಾರುತ್ತದೆ. ಹೆಚ್ಚು ಬಳಸಿದ ಗೇರುಗಳಲ್ಲೇ ಜಿಗಿದರೆ ಅನುಮಾನವೇ ಬೇಡ. ಹಳೆಯ ಚೈನು ಇದ್ದರೆ ಅಳೆಯಿರಿ: 24 ಕೊಂಡಿ ಹೊಸದರಲ್ಲಿ 304.8 ಮಿ.ಮೀ. 306.3 ದಾಟಿದಾಗ ಚೈನು ಬದಲಿಸಿದ್ದರೆ ಫ್ರೀವೀಲು ಉಳಿಯುತ್ತಿತ್ತು. 308ರ ಹತ್ತಿರ ಬಂದಿದ್ದರೆ ಎರಡೂ ಹೋದಂತೆಯೇ.

21 ಗೇರಿಗೆ 7 ಸ್ಪೀಡ್, 14-28 (ಚಿಕ್ಕ ಚಕ್ರಕ್ಕೆ 14 ಹಲ್ಲು, ದೊಡ್ಡದಕ್ಕೆ 28) ಸ್ಕ್ರೂ ಫ್ರೀವೀಲು ಸಾಮಾನ್ಯ. ಬಿಚ್ಚುವ ಮುನ್ನ ಅದರ ಕಚ್ಚುಗಳಿಗೆ ಹೊಂದುವ ಪುಲ್ಲರ್ (ಬಿಚ್ಚುವ ಸಲಕರಣೆ) ನೋಡಿಕೊಳ್ಳಿ, ಆಕ್ಸಲ್ ನಟ್‌ನಿಂದ ಅದನ್ನು ಹಿಡಿಸಿ ತಿರುಗಿಸಿ, ಸಡಿಲವಾದ ಕೂಡಲೇ ನಟ್ಟನ್ನೂ ಸಡಿಲಿಸಿ. ಹೊಸದು ಹಾಕುವಾಗ ಚಕ್ರದ ನಡುವಿನ ಹಬ್‌ನ ತಿರುಪು ಸುತ್ತುಗಳಿಗೆ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ಮುಂದಿನ ಸಲ ಬಿಚ್ಚುವುದೇ ಕಷ್ಟ.

ಕ್ಯಾರಿಯರ್‌ಗೆ ಸೀಟ್ ಸ್ಟೇ (ಸೀಟಿನ ಕೆಳಗಿಂದ ಹಿಂಚಕ್ರದ ಆಕ್ಸಲ್‌ಗೆ ಇಳಿಯುವ ಕೊಳವೆಗಳು) ದಪ್ಪ ಅಳೆದು, ರಬ್ಬರ್ ಒಳಪದರದ ಪಿ-ಕ್ಲ್ಯಾಂಪ್ (ಕೊಳವೆಯನ್ನು ಸುತ್ತಿ ಹಿಡಿಯುವ ಪಟ್ಟಿ) ಎರಡು, ಎಂ5 (5 ಮಿ.ಮೀ.) ಬೋಲ್ಟು, ಸಡಿಲವಾಗದ ನೈಲಾಕ್ ನಟ್ಟು ತನ್ನಿ. ಕ್ಲ್ಯಾಂಪು ತಡೆಯಬೇಕಾದ್ದು ಅಲುಗಾಟವನ್ನು ಮಾತ್ರ. ಭಾರ ಇಳಿಯಬೇಕಾದ್ದು ಆಕ್ಸಲ್ ಬಳಿಯ ಕಾಲುಗಳ ಮೇಲೆ. ಸೀಟ್ ಪೋಸ್ಟಿಗೆ ಮಾತ್ರ ನೇತುಬೀಳುವ ಕ್ಯಾರಿಯರ್ ತರಕಾರಿ ಚೀಲಕ್ಕೆ ಬೇಡ, ಭಾರಕ್ಕೆ ಪಕ್ಕಕ್ಕೆ ತಿರುಗುತ್ತದೆ. ಎಂಟಿಬಿಯ ಹಿಂಭಾಗ ಗಿಡ್ಡ, ಪಕ್ಕದ ಚೀಲಕ್ಕೆ ಹಿಮ್ಮಡಿ ತಾಗದಂತೆ ಚೀಲವನ್ನು ಹಿಂದೆ ಸರಿಸಿ.

ಪ್ರಶ್ನೆ ಕೇಳಿದವರು: 47-559 ಸರಿಯಾಗಿ ಕೂತಿತು, ಫ್ರೀವೀಲು ಬದಲಿಸಿದ ಮೇಲೆ ಚೈನೂ ಸರಿಯಾಯಿತು. ಮಳೆಯಲ್ಲಿ ಬ್ರೇಕು ಹಿಡಿಯುವುದಿಲ್ಲ. ಫೋರ್ಕನ್ನೂ ತೆಗೆಯಲೇ?

ಉತ್ತರ 1: ಮೊದಲು ರಿಮ್ಮಿಗೆ ಆಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ಸ್ಟೀಲು, ಒದ್ದೆಯಾದಾಗ ಯಾವ ಪ್ಯಾಡೂ ಅದನ್ನು ಚೆನ್ನಾಗಿ ಹಿಡಿಯದು; ಫೋರ್ಕಿನ ಹಣವನ್ನು ಅಲಾಯ್ ರಿಮ್ಮಿಗೆ ಹಾಕಿ. ಅಂಟದಿದ್ದರೆ ಪ್ಯಾಡಿನಲ್ಲಿ ಸಿಕ್ಕಿದ ಮರಳು, ಲೋಹದ ಚೂರು ಕಿತ್ತು ಉಪ್ಪುಕಾಗದದಿಂದ ಉಜ್ಜಿ, ರಿಮ್ಮಿನ ಎಣ್ಣೆ ಒರೆಸಿ, ಎರಡೂ ಕಡೆ 1-2 ಮಿ.ಮೀ. ಅಂತರ ಬಿಡಿ.

ಫೋರ್ಕು ಆಮೇಲೆ. ಬದಲಿಸುವುದಾದರೆ ಆಕ್ಸಲ್‌ನಿಂದ ಕ್ರೌನ್‌ವರೆಗೆ (ಫೋರ್ಕಿನ ಎರಡು ಕಾಲು ಸೇರುವ ಮೇಲ್ತುದಿ) ಅಳೆದು, ಸವಾರರು ಕೂತಾಗ ಕುಸಿಯುವಷ್ಟನ್ನು ಕಳೆದು, ಅದೇ ಉದ್ದದ, ಸ್ಪ್ರಿಂಗ್ ಇಲ್ಲದ ಫೋರ್ಕು ಕೇಳಿ. ಪ್ರತಿ 20 ಮಿ.ಮೀ. ಗಿಡ್ಡವಾದಂತೆ ಹೆಡ್ ಕೋನ (ಹ್ಯಾಂಡಲ್ ಕೊಳವೆಯ ಓರೆ) ಸುಮಾರು 1 ಡಿಗ್ರಿ ಕಡಿದಾಗಿ ಹ್ಯಾಂಡಲ್ ಚಂಚಲವಾಗುತ್ತದೆ, ಪೆಡಲೂ ನೆಲಕ್ಕೆ ಹತ್ತಿರವಾಗುತ್ತದೆ. ವಿ-ಬ್ರೇಕಿನ ಗೂಟಗಳು ಇವೆಯೇ ಎಂದೂ ನೋಡಿ, ಡಿಸ್ಕ್ ಬ್ರೇಕಿಗೆಂದೇ ಮಾಡಿದ ಫೋರ್ಕಿನಲ್ಲಿ ಅವು ಇರುವುದಿಲ್ಲ.