ಸ್ಪ್ರೇ ಫೋಮ್ ಇನ್ಸುಲೇಶನ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿನೆಸೋಟದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಇಲ್ಲಿ ಗೋಡೆಯೆಂದರೆ ಮರದ ಚೌಕಟ್ಟು. ಕಾವು ಗೋಡೆ ದಾಟದಂತೆ ಅದರ ಕಂಬಗಳ ನಡುವಿನ ಸಂದಿಗೆ ಸ್ಪ್ರೇ ಫೋಮ್, ಅಂದರೆ ಉಬ್ಬಿ ಗಟ್ಟಿಯಾಗುವ ನೊರೆಯಂಥದ್ದನ್ನು, ಹೊಡೆಸಬೇಕು. ಇದನ್ನು ಕನ್ನಡ ಸಂಘದ ಸಂಚಿಕೆಗೆ ಬರೆಯಲು ಕೂತರೆ ಪದಗಳು ತಕರಾರು ಮಾಡುತ್ತಿವೆ.

ಇನ್ಸುಲೇಶನ್‌ಗೆ ‘ಉಷ್ಣನಿರೋಧಕ’ ಇದೆಯಲ್ಲ ಎನ್ನುತ್ತೀರಿ. ಆದರೆ ಜಲನಿರೋಧಕ ಗಡಿಯಾರಕ್ಕೆ ನೀರಿನಿಂದ ಏನೂ ಆಗದು. ಅದೇ ಜಾಡಿನಲ್ಲಿ ಉಷ್ಣನಿರೋಧಕ ಎಂದರೆ ಬೆಂಕಿಗೂ ಜಗ್ಗದ್ದು ಎಂದು ಓದುಗರು ತಿಳಿದಾರು. ಈ ಫೋಮ್ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್, ಉರಿಯುತ್ತದೆ. ಅದಕ್ಕೇ ವಾಸದ ಕೋಣೆಗಳಲ್ಲಿ ಅದರ ಮೇಲೆ ಅರ್ಧ ಇಂಚಿನ ಜಿಪ್ಸಮ್ ಹಲಗೆ ಹೊಡೆಯುತ್ತಾರೆ. ನನಗೆ ‘ಕಾವುತಡೆ’ ಹಿಡಿಸಿದೆ: ಕಾವು ಒಳಗಿಂದ ಹೊರಗೆ ಹೋಗುವುದಕ್ಕೂ ಹೊರಗಿಂದ ಒಳಗೆ ಬರುವುದಕ್ಕೂ ಹೊಂದುತ್ತದೆ. ‘ನಿರೋಧ’ ಎಂದೊಡನೆ ಕಿಸಕ್ಕೆನ್ನುವವರ ಕಾಟವೂ ಇಲ್ಲ.

ಇನ್ನು ಫೋಮ್. ‘ನೊರೆ’ ಎಂದರೆ ಆಗಷ್ಟೇ ಕರೆದ ಹಾಲಿನ ಮೇಲಿನದರಂತೆ ತುಸು ಹೊತ್ತಿಗೆ ಇಳಿದುಹೋಗಬೇಕು. ಇದು ಇಳಿಯುವುದಿಲ್ಲ. ಐಸೋಸೈನೇಟ್, ಪಾಲಿಯಾಲ್ ಎಂಬ ಎರಡು ದ್ರವಗಳು ಗನ್ನಿನ ತುದಿಯಲ್ಲಿ ಬೆರೆತು, ಗೋಡೆಗೆ ಬಿದ್ದ ಕೆಲವೇ ಸೆಕೆಂಡುಗಳಲ್ಲಿ ಉಬ್ಬಿ ಗಟ್ಟಿಯಾಗುತ್ತವೆ. ಉಬ್ಬುವಾಗ ನೊರೆ ಸರಿ. ಗಟ್ಟಿಯಾದ ಮೇಲೆ ‘ಬೆಂಡು’ ಎನ್ನಬಹುದೆ? ಹಗುರವಾಗಿರುವ, ಒಳಗೆಲ್ಲ ಟೊಳ್ಳು ತುಂಬಿದ ವಸ್ತುವಿಗೆ ನಮ್ಮಲ್ಲಿ ಇರುವ ಹೆಸರೇ ಅದು.

ಇದನ್ನು ಒಪ್ಪಿದರೆ ಈ ಫೋಮಿನ ಎರಡು ಬಗೆಗಳಾದ, ಒಳಗಿನ ಗುಳ್ಳೆಗಳು ತೆರೆದಿರುವ ಓಪನ್ ಸೆಲ್, ಅವು ಮುಚ್ಚಿರುವ ಕ್ಲೋಸ್ಡ್ ಸೆಲ್‌ಗಳ ಗಂಟೂ ಬಿಡಿಸಿಕೊಳ್ಳುತ್ತದೆ. ‘ತೆರೆದಕೋಶ’, ‘ಮುಚ್ಚಿದಕೋಶ’ ಎಂದರೆ ಜೀವಶಾಸ್ತ್ರದ ತರಗತಿಯೇ ನೆನಪಾಗುತ್ತದೆ. ಮೊದಲನೆಯದು ಮೆತ್ತಗೆ, ಇಂಚಿಗೆ ಆರ್-ಮೌಲ್ಯ (ಕಾವು ತಡೆಯುವ ಶಕ್ತಿಯ ಅಳತೆ, ಹೆಚ್ಚಿದ್ದಷ್ಟೂ ತಡೆ ಹೆಚ್ಚು) ಸುಮಾರು 3.5, ನೀರಾವಿಯನ್ನು ಹಾಯಗೊಡುತ್ತದೆ. ಎರಡನೆಯದು ಗಡುಸು, ಇಂಚಿಗೆ 6ರಿಂದ 7, ಎರಡಿಂಚು ದಪ್ಪಕ್ಕೆ ಆವಿಯನ್ನೂ ಬಹುಮಟ್ಟಿಗೆ ತಡೆಯುತ್ತದೆ, ದುಬಾರಿ ಕೂಡ. ‘ಮೆದುಬೆಂಡು’, ‘ಗಟ್ಟಿಬೆಂಡು’ ಸಾಲದೆ? ಇಲ್ಲಿನ ಕೆಲಸಗಾರರೂ ಘನ ಅಡಿಯ ತೂಕ ನೋಡಿ ‘ಅರ್ಧ ಪೌಂಡಿನದು’, ‘ಎರಡು ಪೌಂಡಿನದು’ ಎನ್ನುವುದುಂಟು. ಸೆಲ್ಲಿನ ಗೋಜಿಗೇ ಹೋಗುವುದಿಲ್ಲ.

‘ಸ್ಪ್ರೇ’ಗೆ ‘ಸಿಂಪಡಿಸು’ ಬೇಡ, ಅಡಕೆ ತೋಟಕ್ಕೆ ಔಷಧಿ ಹೊಡೆದಂತಾಗುತ್ತದೆ. ‘ಹೊಡೆಯುವುದು’ ಸಾಕು.

ಮಲೆನಾಡು, ಕರಾವಳಿಯವರಲ್ಲಿ ಒಂದು ಪ್ರಶ್ನೆ: ಹಳೆಯ ಮನೆಗಳಲ್ಲಿ ಮುಚ್ಚಿಗೆಯ ಹಲಗೆಗಳ ಮೇಲೆ ಮಣ್ಣು ಹಾಸುತ್ತಿದ್ದರಲ್ಲ, ಬಿಸಿಲ ಕಾವು ಇಳಿಯದಂತೆ, ಆ ಪದರಕ್ಕೆ ಬಡಗಿಗಳ ಬಾಯಲ್ಲಿ ಬೇರೆ ಹೆಸರೇನಾದರೂ ಇತ್ತೆ?